ಕರೆ ಮಾಡಿದವರ ಗುರುತು: ದೂರವಾಣಿ ವಂಚನೆಯ ತಡೆಯಲ್ಲಿ ಗ್ರಾಮ ಪಂಚಾಯತ್ ಸದಸ್ಯರ ಪಾತ್ರ

ಸರ್ಕಾರದ ಸವಲತ್ತುಗಳು ಇಂದು ಬಹುಪಾಲು ಬ್ಯಾಂಕ್ ಖಾತೆಯ ಮೂಲಕವೇ ಫಲಾನುಭವಿಗಳನ್ನು ತಲುಪುತ್ತಿವೆ. ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂಪಾಯಿ, ಪ್ರಧಾನ ಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ವಾರ್ಷಿಕ 6,000 ರೂಪಾಯಿ, ಸಾಮಾಜಿಕ ಭದ್ರತಾ ಪಿಂಚಣಿ, ಉದ್ಯೋಗ ಖಾತರಿಯ ಕೂಲಿ, ಅಡಿಕೆ ಮತ್ತು ಕಾಳುಮೆಣಸಿನ ಬೆಳೆ ವಿಮೆಯ ಪರಿಹಾರ ಇವೆಲ್ಲವೂ ಒಂದು ಖಾತೆಗೆ ಜಮೆಯಾಗುತ್ತವೆ. ಆ ಖಾತೆಯು ಒಂದು ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿರುತ್ತದೆ. ಆದುದರಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಯಾವುದೇ ಒಳಗ್ರಾಮದ ಮನೆಯ ಹಣವನ್ನು ಅಪಹರಿಸಲು ವಂಚಕನು ಆ ಗ್ರಾಮಕ್ಕೆ ಬರಬೇಕಾದ ಅಗತ್ಯ ಉಳಿದಿಲ್ಲ. ಮನೆಯವರು ದೂರವಾಣಿಯಲ್ಲಿ ಅವನ ಮಾತನ್ನು ನಂಬಿದರೆ ಸಾಕು.

ಈ ನಂಬಿಕೆ ಸಾಮಾನ್ಯವಾಗಿ ಎರಡು ಆಧಾರಗಳಿಂದ ಹುಟ್ಟುತ್ತದೆ. ಒಂದು, ಮೊಬೈಲ್ ಪರದೆಯ ಮೇಲೆ ಮೂಡುವ ಸಂಖ್ಯೆ ಅಥವಾ ಹೆಸರು. ಇನ್ನೊಂದು, ಕರೆ ಮಾಡಿದವನು ಹೇಳುವ ಕಚೇರಿಯ ಹೆಸರು: ಬ್ಯಾಂಕ್, ಪೊಲೀಸ್, ಮೆಸ್ಕಾಂ ಅಥವಾ ಗ್ರಾಮ ಪಂಚಾಯತ್. ಈ ಎರಡೂ ಗುರುತಿನ ಪುರಾವೆಯಲ್ಲ ಎಂಬುದನ್ನು ಕಾರಣಸಹಿತವಾಗಿ ತಿಳಿಯುವುದು ಮತ್ತು ಪಂಚಾಯತ್‌ನ ಹೆಸರು ವಂಚಕರ ಸಾಧನವಾಗದಂತೆ ನೋಡಿಕೊಳ್ಳುವುದು ಪ್ರತಿಯೊಬ್ಬ ಸದಸ್ಯರ ಕರ್ತವ್ಯವಾಗಿದೆ.

ಪರದೆಯ ಮೇಲೆ ಸಂಖ್ಯೆ ಮೂಡುವ ಬಗೆ

ಕರೆಯೊಂದು ಹೊರಟಾಗ ಕರೆ ಮಾಡಿದವರ ದೂರವಾಣಿ ಸಂಸ್ಥೆಯು ಆ ಕರೆಯ ಜೊತೆಗೆ ಒಂದು ಸಂಖ್ಯೆಯನ್ನೂ ಕಳುಹಿಸುತ್ತದೆ. ಕರೆ ಸ್ವೀಕರಿಸುವವರ ಸಂಸ್ಥೆಯು ಆ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸುತ್ತದೆ. ಇದನ್ನೇ ಕರೆ ಗುರುತು ಅಥವಾ ಕಾಲರ್ ಐಡಿ ಎನ್ನಲಾಗುತ್ತದೆ. ಅಂಚೆಯಲ್ಲಿ ಬರುವ ಲಕೋಟೆಯ ಮೇಲಿನ ‘ಇಂದ’ ವಿಳಾಸಕ್ಕೆ ಇದನ್ನು ಹೋಲಿಸಬಹುದು. ಆ ವಿಳಾಸವನ್ನು ಬರೆಯುವವರು ಪತ್ರ ಕಳುಹಿಸುವವರೇ. ಅದು ನಿಜವೇ ಎಂದು ಅಂಚೆಯವರು ಪರಿಶೀಲಿಸಿ ಪತ್ರ ಹಂಚುವುದಿಲ್ಲ. ದೂರವಾಣಿ ಜಾಲವು ರೂಪುಗೊಂಡ ಕಾಲದಲ್ಲಿ ಕೆಲವೇ ಸಂಸ್ಥೆಗಳಿದ್ದು, ಒಂದು ಸಂಸ್ಥೆ ಕಳುಹಿಸಿದ ಸಂಖ್ಯೆಯನ್ನು ಇನ್ನೊಂದು ಸಂಸ್ಥೆ ನಂಬುತ್ತಿತ್ತು. ಅಂತರ್ಜಾಲದ ಮೂಲಕ ಕರೆ ಮಾಡುವ ವ್ಯವಸ್ಥೆ ಬಂದ ಮೇಲೆ ಆ ಜಾಗದಲ್ಲಿ ಬೇರೆ ಸಂಖ್ಯೆಯನ್ನು ತುಂಬುವುದು ಸಾಧ್ಯವಾಯಿತು.

ಇದರಿಂದಾಗಿ ವಿದೇಶದಲ್ಲಿ ಕುಳಿತವನ ಕರೆಯೂ +91ರಿಂದ ಆರಂಭವಾಗುವ ಭಾರತದ ಸಂಖ್ಯೆಯಂತೆ ಕಾಣಿಸುತ್ತಿತ್ತು. ಇದನ್ನು ತಡೆಯಲು ಕೇಂದ್ರ ದೂರಸಂಪರ್ಕ ಇಲಾಖೆಯು 2024ರ ಅಕ್ಟೋಬರ್ 22ರಂದು ಒಂದು ವ್ಯವಸ್ಥೆಯನ್ನು ಜಾರಿಗೆ ತಂದಿತು. ಭಾರತದ ಸಂಖ್ಯೆ ತೋರಿಸುತ್ತಾ ವಿದೇಶದಿಂದ ಬರುವ ಕರೆಯನ್ನು ಅದು ಪರಿಶೀಲಿಸಿ, ಆ ಸಂಖ್ಯೆಯ ಗ್ರಾಹಕರು ನಿಜವಾಗಿಯೂ ವಿದೇಶದಲ್ಲಿ ಇಲ್ಲವಾದರೆ ಕರೆಯನ್ನು ತಡೆಯುತ್ತದೆ. ಕಾರ್ಯಾರಂಭಗೊಂಡ ಮೊದಲ 24 ಗಂಟೆಗಳಲ್ಲಿಯೇ ಇಂತಹ ಕರೆಗಳಲ್ಲಿ ಶೇಕಡಾ 90ರಷ್ಟು, ಅಂದರೆ ಸುಮಾರು 1.35 ಕೋಟಿ ಕರೆಗಳು ಸುಳ್ಳು ಸಂಖ್ಯೆಯವೆಂದು ಗುರುತಿಸಿ ತಡೆಯಲಾಯಿತು.

ಈ ದಾರಿ ಕಿರಿದಾದಂತೆ ವಂಚಕರು ಬೇರೆ ದಾರಿಗಳನ್ನು ಹಿಡಿದಿದ್ದಾರೆ. ಅನ್ಯರ ಹೆಸರಿನಲ್ಲಿ ಪಡೆದ ಭಾರತದ ಸಿಮ್‌ಗಳನ್ನೇ ಬಳಸುವುದು, ಹತ್ತಾರು ಸಿಮ್‌ಗಳನ್ನು ಒಂದು ಯಂತ್ರದಲ್ಲಿ ಅಳವಡಿಸಿ ವಿದೇಶದ ಕರೆಯನ್ನು ಸ್ಥಳೀಯ ಕರೆಯಾಗಿ ಪರಿವರ್ತಿಸುವುದು ಮತ್ತು ವಾಟ್ಸ್ಆ್ಯಪ್ ಮೂಲಕ ಕರೆ ಮಾಡುವುದು ಅವುಗಳಲ್ಲಿ ಮುಖ್ಯವಾದವು. ಆದುದರಿಂದ ಮಂಗಳೂರಿನ 0824, ಬಂಟ್ವಾಳದ 08255, ಬೆಳ್ತಂಗಡಿಯ 08256 ಅಥವಾ ಮೂಡುಬಿದಿರೆಯ 08258 ಸಂಕೇತದಿಂದ ಕರೆ ಬಂದ ಮಾತ್ರಕ್ಕೆ ಅದು ಕಚೇರಿಯ ಕರೆಯೆಂದು ತೀರ್ಮಾನಿಸತಕ್ಕದ್ದಲ್ಲ.

ಹೆಸರು ತೋರಿಸುವ ವ್ಯವಸ್ಥೆಗಳು

ಟ್ರೂಕಾಲರ್‌ನಂತಹ ಆ್ಯಪ್‌ಗಳು ಸಂಖ್ಯೆಯ ಜೊತೆಗೆ ಹೆಸರನ್ನೂ ತೋರಿಸುತ್ತವೆ. ಈ ಹೆಸರು ಮುಖ್ಯವಾಗಿ ಬಳಕೆದಾರರಿಂದ ಬಂದ ಮಾಹಿತಿಯನ್ನು ಆಧರಿಸಿರುತ್ತದೆ; ಸರ್ಕಾರದ ದಾಖಲೆಯನ್ನಲ್ಲ. ವಂಚಕನು ತನ್ನ ಸಂಖ್ಯೆಗೆ ‘ಬ್ಯಾಂಕ್ ಮ್ಯಾನೇಜರ್’ ಎಂಬ ಹೆಸರು ಕೊಟ್ಟುಕೊಂಡರೆ ಪರದೆಯಲ್ಲಿ ಅದೇ ಕಾಣಿಸಬಹುದು. ಅನೇಕರು ವಂಚನೆಯೆಂದು ವರದಿ ಮಾಡಿದ ಸಂಖ್ಯೆಯು ಕೆಂಪು ಬಣ್ಣದಲ್ಲಿ ಮೂಡಿದರೆ ಎಚ್ಚರಿಕೆಗೆ ಅದು ಉಪಯುಕ್ತ. ಆದರೆ ಕೆಂಪು ಬಣ್ಣ ಕಾಣಿಸಲಿಲ್ಲವೆಂಬುದು ಸುರಕ್ಷತೆಯ ಖಾತರಿಯಲ್ಲ.

ಸಿಮ್ ಪಡೆಯುವಾಗ ನೀಡಿದ ದಾಖಲೆಯಲ್ಲಿರುವ ಹೆಸರನ್ನೇ ಪರದೆಯ ಮೇಲೆ ತೋರಿಸುವ ಇನ್ನೊಂದು ವ್ಯವಸ್ಥೆಯನ್ನು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು. ಇದು ಆ್ಯಪ್‌ಗಿಂತ ಹೆಚ್ಚು ವಿಶ್ವಾಸಾರ್ಹವಾದುದು. ಆದರೂ ಅದು ತೋರಿಸುವುದು ಸಿಮ್ ಯಾರ ಹೆಸರಿನಲ್ಲಿದೆ ಎಂಬುದನ್ನೇ ಹೊರತು ಮಾತನಾಡುತ್ತಿರುವವರು ಯಾರು ಎಂಬುದನ್ನಲ್ಲ. ಕೂಲಿ ಕಾರ್ಮಿಕರೊಬ್ಬರ ಹೆಸರಿನಲ್ಲಿ ತೆಗೆದ ಸಿಮ್ ವಂಚಕನ ಕೈಯಲ್ಲಿದ್ದರೆ ಪರದೆಯಲ್ಲಿ ಮೂಡುವುದು ಆ ಕಾರ್ಮಿಕರ ಹೆಸರು.

ವಾಟ್ಸ್ಆ್ಯಪ್‌ನ ಭಾವಚಿತ್ರಕ್ಕಂತೂ ಯಾವ ಪರಿಶೀಲನೆಯೂ ಇಲ್ಲ. ಜಿಲ್ಲಾಧಿಕಾರಿಗಳ ಭಾವಚಿತ್ರ ಬಳಸಿ ನಕಲಿ ಖಾತೆ ತೆರೆದು ಹಣ ಕೇಳಿದ ಪ್ರಕರಣಗಳು ಹಲವು ಜಿಲ್ಲೆಗಳಲ್ಲಿ ನಡೆದಿವೆ. +92 ಮೊದಲಾದ ವಿದೇಶಿ ಸಂಖ್ಯೆಗಳಿಂದ ಸರ್ಕಾರಿ ಅಧಿಕಾರಿಗಳೆಂದು ಹೇಳಿಕೊಂಡು ಬರುವ ವಾಟ್ಸ್ಆ್ಯಪ್ ಕರೆಗಳ ಬಗ್ಗೆ ದೂರಸಂಪರ್ಕ ಇಲಾಖೆಯು 2024ರ ಮಾರ್ಚ್‌ನಲ್ಲಿಯೇ ಎಚ್ಚರಿಕೆ ನೀಡಿದೆ.

ಎರಡು ಸರಣಿಯ ಸಂಖ್ಯೆಗಳು ಮಾತ್ರ ನೆನಪಿನಲ್ಲಿಡಲು ಯೋಗ್ಯವಾಗಿವೆ. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಜನವರಿ 17ರಂದು ನೀಡಿದ ನಿರ್ದೇಶನದಂತೆ, ಬ್ಯಾಂಕ್‌ಗಳು ಖಾತೆಯ ವ್ಯವಹಾರಕ್ಕೆ ಸಂಬಂಧಿಸಿದ ಕರೆಗಳನ್ನು 1600ರಿಂದ ಆರಂಭವಾಗುವ ಸಂಖ್ಯೆಯಿಂದ, ಪ್ರಚಾರದ ಕರೆಗಳನ್ನು 140ರಿಂದ ಆರಂಭವಾಗುವ ಸಂಖ್ಯೆಯಿಂದ ಮಾಡಬೇಕು. ಆದುದರಿಂದ ಸಾಮಾನ್ಯ ಹತ್ತಂಕಿಯ ಮೊಬೈಲ್ ಸಂಖ್ಯೆಯಿಂದ ‘ಬ್ಯಾಂಕಿನ ಪ್ರಧಾನ ಕಚೇರಿಯಿಂದ’ ಎಂದು ಬರುವ ಕರೆಯನ್ನು ಸಂಶಯದಿಂದಲೇ ಕಾಣಬೇಕು. 1600 ಸರಣಿಯ ಕರೆಯಲ್ಲಿಯೂ ಒಟಿಪಿ ಅಥವಾ ಪಿನ್ ತಿಳಿಸತಕ್ಕದ್ದಲ್ಲ.

ವಂಚನೆಯ ಕರೆಗಳ ಸಾಮಾನ್ಯ ಮಾದರಿಗಳು

ವಂಚನೆಯ ಕರೆಗಳ ವೇಷ ಬದಲಾಗುತ್ತಿದ್ದರೂ ಒಳರಚನೆ ಒಂದೇ. ಮೊದಲು ಒಂದು ಕಚೇರಿಯ ಹೆಸರು, ಅನಂತರ ಆಸೆ ಅಥವಾ ಭಯ, ಕೊನೆಗೆ ಅವಸರ.

ಮೊದಲನೆಯದು ಸವಲತ್ತಿನ ಕರೆ. ‘ನಿಮ್ಮ ಗೃಹಲಕ್ಷ್ಮಿ ಹಣ ನಿಂತಿದೆ, ಕೆವೈಸಿ ಆಗಿಲ್ಲ, ಪಂಚಾಯತ್‌ನವರು ನಿಮ್ಮ ನಂಬರ್ ಕೊಟ್ಟಿದ್ದಾರೆ’ ಎಂದು ಆರಂಭಿಸಿ ಒಟಿಪಿ ಕೇಳಲಾಗುತ್ತದೆ. ಅಥವಾ ವಾಟ್ಸ್ಆ್ಯಪ್‌ನಲ್ಲಿ ಕಿಸಾನ್ ಯೋಜನೆಯ ಇಲ್ಲವೇ ವಾಹನ ದಂಡದ ಹೆಸರಿನ ಎಪಿಕೆ ಕಡತವೊಂದನ್ನು ಕಳುಹಿಸಲಾಗುತ್ತದೆ. ಆ ಕಡತವನ್ನು ಸ್ಥಾಪಿಸಿಕೊಂಡರೆ ಮೊಬೈಲ್‌ಗೆ ಬರುವ ಸಂದೇಶಗಳನ್ನು ವಂಚಕನು ತಾನೇ ಓದಬಲ್ಲನು. ಒಟಿಪಿ ಕೇಳುವ ಅಗತ್ಯವೂ ಅವನಿಗೆ ಉಳಿಯುವುದಿಲ್ಲ. ‘ಹಣ ಪಡೆಯಲು ಪಿನ್ ಒತ್ತಿ’ ಎಂಬುದು ಇದೇ ಗುಂಪಿನ ಇನ್ನೊಂದು ಮಾತು. ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕಳುಹಿಸಲು ಮಾತ್ರ. ಹಣ ಸ್ವೀಕರಿಸಲು ಪಿನ್ ಬೇಕಿಲ್ಲ.

ಎರಡನೆಯದು ಸಂಪರ್ಕ ಕಡಿತದ ಬೆದರಿಕೆ. ‘ಬಿಲ್ ಬಾಕಿ ಇದೆ, ಇಂದು ರಾತ್ರಿಯೇ ಕರೆಂಟ್ ಕಡಿತ’ ಎಂಬ ಸಂದೇಶದೊಂದಿಗೆ ಒಂದು ಮೊಬೈಲ್ ಸಂಖ್ಯೆ ನೀಡಲಾಗಿರುತ್ತದೆ. ಆ ಸಂಖ್ಯೆಗೆ ಕರೆ ಮಾಡದೆ ಮೆಸ್ಕಾಂನ 1912 ಸಹಾಯವಾಣಿಗೆ ಅಥವಾ ಸ್ಥಳೀಯ ಶಾಖಾ ಕಚೇರಿಗೆ ವಿಚಾರಿಸಿದರೆ ನಿಜಸ್ಥಿತಿ ತಿಳಿಯುತ್ತದೆ.

ಮೂರನೆಯದು ಕರೆಗಳನ್ನು ಬೇರೆಡೆಗೆ ತಿರುಗಿಸುವ ತಂತ್ರ. ಕೊರಿಯರ್‌ನವರು ಅಥವಾ ಮೊಬೈಲ್ ಸಂಸ್ಥೆಯವರು ಎಂದು ಹೇಳಿ, ನಕ್ಷತ್ರ ಚಿಹ್ನೆಯಿಂದ ಆರಂಭವಾಗುವ ಸಂಖ್ಯೆಯೊಂದನ್ನು ಒತ್ತಲು ಸೂಚಿಸಲಾಗುತ್ತದೆ. ಅದನ್ನು ಒತ್ತಿದರೆ ಗ್ರಾಹಕರಿಗೆ ಬರಬೇಕಾದ ಕರೆಗಳು ವಂಚಕನಿಗೆ ಹೋಗಬಹುದು. ಸಂಶಯವಿದ್ದಲ್ಲಿ ##002# ಒತ್ತಿ ಕರೆ ಮಾಡಿದರೆ ಎಲ್ಲ ಕರೆ ವರ್ಗಾವಣೆಗಳು ರದ್ದಾಗುತ್ತವೆ.

ನಾಲ್ಕನೆಯದು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ಮನೆಗಳಿಗೆ ಬರುವಂತಹುದು. ‘ನಿಮ್ಮ ಮಗ ಪೊಲೀಸರ ವಶದಲ್ಲಿದ್ದಾನೆ, ತಕ್ಷಣ ಹಣ ಕಳುಹಿಸಿ’ ಎಂಬ ಮಾತಿಗೆ ಯಾವ ತಾಯಿಯ ಮನಸ್ಸಾದರೂ ಕದಡುತ್ತದೆ. ಧ್ವನಿಯನ್ನು ಅನುಕರಿಸುವ ತಂತ್ರಜ್ಞಾನವೂ ಈಗ ಲಭ್ಯವಿರುವುದರಿಂದ, ಮಗನ ಹಳೆಯ ಸಂಖ್ಯೆಗೆ ತಾವೇ ಕರೆ ಮಾಡಿ ವಿಚಾರಿಸುವವರೆಗೆ ಹಣ ಕಳುಹಿಸಬಾರದು.

ಐದನೆಯದು ‘ಡಿಜಿಟಲ್ ಅರೆಸ್ಟ್’. ಪೊಲೀಸ್, ಸಿಬಿಐ ಅಥವಾ ಇ.ಡಿ. ಅಧಿಕಾರಿಯ ವೇಷದಲ್ಲಿ ವಿಡಿಯೊ ಕರೆ ಮಾಡಿ, ನಿವೃತ್ತರು ಮತ್ತು ವೃದ್ಧ ದಂಪತಿಗಳನ್ನು ದಿನಗಟ್ಟಲೆ ಮನೆಯಲ್ಲಿಯೇ ಕೂರಿಸಿ, ಠೇವಣಿ ಮುರಿಸಿ ಹಣ ಪಡೆಯುವ ಕ್ರಮವಿದು. ಪ್ರಧಾನ ಮಂತ್ರಿಯವರು 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಕಾನೂನಿನಲ್ಲಿ ಇಂತಹ ಬಂಧನವೇ ಇಲ್ಲವೆಂದು ಸ್ಪಷ್ಟಪಡಿಸಿದರು, ಅಂದು ಅವರು ಕೇಳಿಸಿದ ಧ್ವನಿಮುದ್ರಣವು ನಮ್ಮ ರಾಜ್ಯದ ವಿಜಯಪುರದ್ದಾಗಿತ್ತು. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಇಂತಹ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿದೆ. ಯಾವ ತನಿಖಾ ಸಂಸ್ಥೆಯೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ ಮತ್ತು ‘ಪರಿಶೀಲನೆಗಾಗಿ’ ಹಣವನ್ನು ತನ್ನ ಖಾತೆಗೆ ವರ್ಗಾಯಿಸಿಕೊಳ್ಳುವುದಿಲ್ಲ.

ಅಧಿಕಾರದ ಹೆಸರು ಕೇಳಿದ ಕೂಡಲೇ ಪ್ರಶ್ನಿಸಲು ಹಿಂಜರಿಯುವ ಸ್ವಭಾವವೇ ಇಲ್ಲಿ ವಂಚಕನ ಬಂಡವಾಳ. ಬಂಟ್ವಾಳ ತಾಲೂಕಿನ ಬೋಳಂತೂರಿನಲ್ಲಿ 2025ರ ಜನವರಿ 3ರ ರಾತ್ರಿ ಇ.ಡಿ. ಅಧಿಕಾರಿಗಳೆಂದು ಹೇಳಿಕೊಂಡು ಮನೆಯೊಂದಕ್ಕೆ ನುಗ್ಗಿದ ತಂಡವು ಲಕ್ಷಾಂತರ ರೂಪಾಯಿ ನಗದಿನೊಂದಿಗೆ ಪರಾರಿಯಾದ ಪ್ರಕರಣ ಸದಸ್ಯರಿಗೆ ತಿಳಿದದ್ದೇ. ಬಾಗಿಲಿಗೆ ಬಂದವರ ಮಾತೇ ಹೀಗಿರುವಾಗ, ದೂರವಾಣಿಯಲ್ಲಿ ಕೇಳುವ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸದಸ್ಯರು ಮತ್ತು ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳೂ ಇದಕ್ಕೆ ಹೊರತಲ್ಲ. ಲೋಕಾಯುಕ್ತದ ಹೆಸರಿನಲ್ಲಿ ಕರೆ ಮಾಡಿ, ‘ನಿಮ್ಮ ಮೇಲೆ ದೂರು ಬಂದಿದೆ’ ಎಂದು ಬೆದರಿಸಿ ಸರ್ಕಾರಿ ನೌಕರರಿಂದ ಹಣ ಕೇಳಿದ ಪ್ರಕರಣಗಳು ರಾಜ್ಯದಲ್ಲಿ ನಡೆದಿವೆ.

ಈ ಎಲ್ಲ ಮಾದರಿಗಳಿಗೂ ಪರಿಹಾರ ಒಂದೇ: ಕರೆಯನ್ನು ಕಡಿದು, ತಮಗೆ ಮೊದಲೇ ತಿಳಿದಿರುವ ಸಂಖ್ಯೆಗೆ ತಾವೇ ಕರೆ ಮಾಡುವುದು. ಪಾಸ್ ಪುಸ್ತಕದಲ್ಲಿ ಅಥವಾ ಬಿಲ್ಲಿನಲ್ಲಿ ಮುದ್ರಿತವಾದ ಸಂಖ್ಯೆ, ಇಲ್ಲವೇ ಕಚೇರಿಯ ಫಲಕದಲ್ಲಿರುವ ಸಂಖ್ಯೆ ಇದಕ್ಕೆ ಸೂಕ್ತ. ಕರೆ ಮಾಡಿದವನು ತಿಳಿಸುವ ಸಂಖ್ಯೆಗಾಗಲಿ, ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಕಾಣುವ ಸಂಖ್ಯೆಗಾಗಲಿ ಕರೆ ಮಾಡಬಾರದು.

ಪಂಚಾಯತ್‌ನಲ್ಲಿ ಬದಲಾಗಬೇಕಾದ ಒಂದು ರೂಢಿ

‘ಒಟಿಪಿಯನ್ನು ಯಾರಿಗೂ ಹೇಳಬೇಡಿ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಅರ್ಜಿಯ ಕೆಲಸ ಬೇಗ ಮುಗಿಯಲೆಂಬ ಸದುದ್ದೇಶದಿಂದ ಸೇವಾ ಕೇಂದ್ರದವರು, ಸಿಬ್ಬಂದಿ, ಕೆಲವೊಮ್ಮೆ ಸದಸ್ಯರು ಸಹ ಫಲಾನುಭವಿಗೆ ಕರೆ ಮಾಡಿ, ‘ನಿಮ್ಮ ಮೊಬೈಲ್‌ಗೆ ಒಂದು ಒಟಿಪಿ ಬಂದಿರಬೇಕು, ಹೇಳಿ’ ಎಂದು ಕೇಳುವುದುಂಟು. ವೃದ್ಧರೊಬ್ಬರು ಎರಡು ಬಸ್ಸು ಹಿಡಿದು ಬರುವ ಕಷ್ಟ ಇದರಿಂದ ತಪ್ಪುತ್ತದೆ ಎಂಬುದು ನಿಜ. ಆದರೆ ಈ ರೂಢಿಯಿಂದ ಗ್ರಾಮಸ್ಥರು ಕಲಿಯುವ ಪಾಠ ಬೇರೆ. ಸರ್ಕಾರದ ಕೆಲಸಕ್ಕೆ ದೂರವಾಣಿಯಲ್ಲಿ ಒಟಿಪಿ ಹೇಳುವುದು ಸಹಜ ಎಂಬ ಭಾವನೆ ಅವರಲ್ಲಿ ಬೇರೂರುತ್ತದೆ. ಅನಂತರ ವಂಚಕನು ಅದೇ ಮಾತನ್ನು ಆಡಿದಾಗ ಅವರಿಗೆ ಅದರಲ್ಲಿ ಹೊಸದೇನೂ ಕಾಣುವುದಿಲ್ಲ.

ಆದುದರಿಂದ ಒಟಿಪಿ ಬೇಕಾಗುವ ಕೆಲಸವನ್ನು ಫಲಾನುಭವಿಯ ಎದುರಿನಲ್ಲಿಯೇ ಮಾಡುವುದು, ಬರಲಾಗದವರ ಮನೆಗೆ ಸಿಬ್ಬಂದಿಯೇ ನಿಗದಿತ ದಿನದಂದು ಹೋಗುವುದು ಸೂಕ್ತ ಕ್ರಮ. ಪಂಚಾಯತ್ ಎಂದೂ ದೂರವಾಣಿಯಲ್ಲಿ ಒಟಿಪಿ ಕೇಳುವುದಿಲ್ಲ ಎಂಬುದು ಗ್ರಾಮದಲ್ಲಿ ಎಲ್ಲರಿಗೂ ತಿಳಿದಿದ್ದರೆ, ಪಂಚಾಯತ್‌ನ ಹೆಸರಿನಲ್ಲಿ ಒಟಿಪಿ ಕೇಳುವ ಪ್ರತಿಯೊಂದು ಕರೆಯೂ ಸುಳ್ಳೆಂದು ಆ ಕ್ಷಣದಲ್ಲಿಯೇ ಸಿದ್ಧವಾಗುತ್ತದೆ. ಪರದೆಯಲ್ಲಿ ಯಾವ ಹೆಸರು ಮೂಡಿದರೂ ಆಗ ಚಿಂತೆಯಿಲ್ಲ.

ಫಲಾನುಭವಿಗಳ ಪಟ್ಟಿಯ ವಿಚಾರದಲ್ಲಿಯೂ ಇದೇ ಎಚ್ಚರ ಅಗತ್ಯ. ಹೆಸರು, ಮೊಬೈಲ್ ಸಂಖ್ಯೆ, ಖಾತೆ ಸಂಖ್ಯೆ, ಆಧಾರ್ ಸಂಖ್ಯೆಗಳಿರುವ ಪಟ್ಟಿಯನ್ನು ವಾರ್ಡಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಅದು ಯಾರ ಕೈ ಸೇರುತ್ತದೆ ಎಂಬುದನ್ನು ತಿಳಿಯಲಾಗದು. ವಂಚಕನು ಹೆಸರು ಹಿಡಿದು ಕರೆದು, ಖಾತೆಯ ಕೊನೆಯ ಅಂಕಿಗಳನ್ನು ಹೇಳಿದಾಗ ಯಾರಾದರೂ ನಂಬುತ್ತಾರೆ. ಆಯ್ಕೆಯ ಪಾರದರ್ಶಕತೆಗೆ ಹೆಸರು ಮತ್ತು ಊರು ಪ್ರಕಟಿಸಿದರೆ ಸಾಕು, ಸಂಖ್ಯೆಗಳನ್ನು ಮರೆಮಾಡತಕ್ಕದ್ದು.

ಸಿಮ್ ಮತ್ತು ಖಾತೆಯನ್ನು ಅನ್ಯರಿಗೆ ನೀಡುವ ಅಪಾಯ

ಅಲ್ಪ ಹಣದ ಆಸೆಗೆ ತಮ್ಮ ಹೆಸರಿನಲ್ಲಿ ಸಿಮ್ ಪಡೆದು ಅಥವಾ ಬ್ಯಾಂಕ್ ಖಾತೆ ತೆರೆದು ಅನ್ಯರಿಗೆ ಕೊಡುವ ಯುವಕರು ತಾವೂ ಅಪರಾಧದ ಭಾಗವಾಗುತ್ತಾರೆ. ದೂರಸಂಪರ್ಕ ಅಧಿನಿಯಮ, 2023ರ ಕಲಂ 42ರಂತೆ, ವಂಚನೆಯಿಂದ ಸಿಮ್ ಪಡೆಯುವುದು ಹಾಗೂ ಕರೆ ಗುರುತನ್ನು ತಿರುಚುವುದು 3 ವರ್ಷಗಳವರೆಗಿನ ಕಾರಾಗೃಹ ವಾಸ ಅಥವಾ 50 ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡಕ್ಕೂ ಗುರಿಪಡಿಸುವ ಅಪರಾಧಗಳು. ಒಬ್ಬರ ಹೆಸರಿನಲ್ಲಿ ಗರಿಷ್ಠ 9 ಸಿಮ್‌ಗಳಿಗೆ ಮಾತ್ರ ಅವಕಾಶವಿದೆ. ತಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ ಜಾಲತಾಣ ಅಥವಾ ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ತಮ್ಮದಲ್ಲದ ಸಂಖ್ಯೆ ಕಂಡರೆ ಅಲ್ಲಿಯೇ ವರದಿ ಮಾಡಬಹುದು. ಹಣ ಹೋಗಿಲ್ಲದಿದ್ದರೂ ಸಂಶಯಾಸ್ಪದ ಕರೆ ಬಂದಿದ್ದರೆ ಅದನ್ನು ಅಲ್ಲಿನ ‘ಚಕ್ಷು’ ವಿಭಾಗದಲ್ಲಿ ತಿಳಿಸಬಹುದು.

ಹಣ ಹೋದ ಕೂಡಲೇ ಮಾಡಬೇಕಾದುದು

ವಂಚಕನ ಕೈಸೇರಿದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗನೆ ಸಾಗಿ, ಕೊನೆಗೆ ನಗದಾಗಿ ಹೊರಬೀಳುತ್ತದೆ. ಅದು ಖಾತೆಯಲ್ಲಿ ಇರುವಷ್ಟು ಹೊತ್ತು ಮಾತ್ರ ತಡೆಹಿಡಿಯಲು ಸಾಧ್ಯ. ಆದುದರಿಂದ ಮೊದಲ ಒಂದು ಗಂಟೆ ಅತ್ಯಂತ ಮುಖ್ಯ. ಅನುಸರಿಸಬೇಕಾದ ಕ್ರಮ ಈ ಕೆಳಗಿನಂತಿದೆ.

1. ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡುವುದು. ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ, ವ್ಯವಹಾರದ ಉಲ್ಲೇಖ ಸಂಖ್ಯೆ ಮತ್ತು ಕರೆ ಬಂದ ಸಂಖ್ಯೆಯನ್ನು ತಿಳಿಸುವುದು.

2. ಬ್ಯಾಂಕಿಗೆ ತಿಳಿಸಿ ಖಾತೆ ಮತ್ತು ಕಾರ್ಡನ್ನು ಸ್ಥಗಿತಗೊಳಿಸುವುದು ಹಾಗೂ ದೂರಿನ ಸಂಖ್ಯೆ ಪಡೆಯುವುದು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸೂಚನೆಯಂತೆ, ಗ್ರಾಹಕರು ಒಟಿಪಿ ಹೇಳಿದ್ದರೂ ಸಹ ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟಕ್ಕೆ ಬ್ಯಾಂಕೇ ಹೊಣೆ. ದೂರು ತಡವಾದಷ್ಟು ನಷ್ಟ ಗ್ರಾಹಕರದ್ದಾಗುತ್ತದೆ.

3. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ದೂರನ್ನು ದಾಖಲಿಸುವುದು ಮತ್ತು ಪೊಲೀಸ್ ಠಾಣೆಗೆ ಲಿಖಿತ ದೂರು ನೀಡುವುದು. ಬಂಟ್ವಾಳ ಮತ್ತು ಬೆಳ್ತಂಗಡಿ ತಾಲೂಕುಗಳು ದಕ್ಷಿಣ ಕನ್ನಡ ಜಿಲ್ಲಾ ಪೊಲೀಸ್ ವ್ಯಾಪ್ತಿಗೆ, ಮೂಡುಬಿದಿರೆ ಠಾಣೆಯು ಮಂಗಳೂರು ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಗೆ ಸೇರಿವೆ. ಎರಡರಲ್ಲಿಯೂ ಪ್ರತ್ಯೇಕ ಸೆನ್ ಅಪರಾಧ ಠಾಣೆಗಳಿವೆ. ಯಾವ ಸರಹದ್ದು ಎಂಬ ಗೊಂದಲದಲ್ಲಿ ಹೊತ್ತು ಕಳೆಯಬೇಕಾಗಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಅಪರಾಧ ಎಲ್ಲಿಯೇ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ಮಾಹಿತಿ ನೀಡಬಹುದು.

4. ಸಂದೇಶಗಳನ್ನು, ಕರೆಗಳ ವಿವರವನ್ನು ಅಳಿಸದೆ ಉಳಿಸಿಕೊಳ್ಳುವುದು. ‘ಕಳೆದ ಹಣವನ್ನು ಮರಳಿ ಕೊಡಿಸುತ್ತೇವೆ, ಶುಲ್ಕ ಕಟ್ಟಿ’ ಎಂದು ಅನಂತರ ಬರುವ ಕರೆ ಎರಡನೆಯ ವಂಚನೆಯೆಂದು ತಿಳಿಯುವುದು.

ಮೋಸ ಹೋದವರು ಮೊದಲು ಬರುವುದು ಠಾಣೆಗಲ್ಲ, ಪರಿಚಯದ ಸದಸ್ಯರ ಬಳಿಗೆ. ಮನೆಯವರಿಗೆ ತಿಳಿದರೆ ಬೈಯುತ್ತಾರೆಂಬ ಅಂಜಿಕೆಯಿಂದ ಎರಡು ದಿನ ಸುಮ್ಮನಿದ್ದು ಬರುವವರೂ ಇದ್ದಾರೆ. ‘ಓದಿದವರಾಗಿ ಹೀಗೇಕೆ ಮಾಡಿದಿರಿ’ ಎಂಬ ಒಂದು ಮಾತು ಅವರನ್ನು ಇನ್ನಷ್ಟು ಹಿಂದೆ ಸರಿಸುತ್ತದೆ. ಅದನ್ನು ಕೇಳಿದ ನೆರೆಮನೆಯವರು ನಾಳೆ ತಮಗಾದದ್ದನ್ನು ಹೇಳಿಕೊಳ್ಳುವುದೇ ಇಲ್ಲ. ವಿಚಾರಣೆಯನ್ನು ಪೊಲೀಸರಿಗೆ ಬಿಟ್ಟು, ಅವರ ಪಕ್ಕದಲ್ಲಿ ಕುಳಿತು 1930ಕ್ಕೆ ಕರೆ ಮಾಡಿಸುವುದೇ ಆ ಹೊತ್ತಿನಲ್ಲಿ ಸದಸ್ಯರು ಮಾಡಬಹುದಾದ ದೊಡ್ಡ ಉಪಕಾರ.

ಗ್ರಾಮ ಪಂಚಾಯತ್‌ಗಳು ಕೈಗೊಳ್ಳಬಹುದಾದ ಕ್ರಮಗಳು

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ದೂರವಾಣಿಯಲ್ಲಿ ಒಟಿಪಿ ಕೇಳುವುದಿಲ್ಲವೆಂದು ನಿರ್ಣಯ ಅಂಗೀಕರಿಸಬಹುದು. ಆ ನಿರ್ಣಯವನ್ನು ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಓದಿ ಹೇಳಬೇಕು. ಕನ್ನಡದ ಜೊತೆಗೆ ತುಳು, ಬ್ಯಾರಿ, ಕೊಂಕಣಿಯಲ್ಲಿಯೂ ವಿವರಿಸಿದರೆ ಮನೆಯ ಹಿರಿಯರಿಗೆ ವಿಷಯ ತಲುಪುತ್ತದೆ. ಪಂಚಾಯತ್ ಕಚೇರಿ, ಗ್ರಂಥಾಲಯ, ನ್ಯಾಯಬೆಲೆ ಅಂಗಡಿ, ಹಾಲು ಉತ್ಪಾದಕರ ಸಂಘ ಮತ್ತು ಸಹಕಾರಿ ಸಂಘದ ಫಲಕಗಳಲ್ಲಿ 1930, 1912 ಮತ್ತು ಪಂಚಾಯತ್ ಕಚೇರಿಯ ಅಧಿಕೃತ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಬಹುದು. ಸಂಜೀವಿನಿ ಒಕ್ಕೂಟದ ಸಭೆಗಳಲ್ಲಿ ಒಂದೆರಡು ಮಾದರಿ ಕರೆಗಳನ್ನು ಅಭಿನಯಿಸಿ ತೋರಿಸಿದರೆ ಭಾಷಣಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಒಂಟಿಯಾಗಿ ವಾಸಿಸುವ ಹಿರಿಯರು ಮತ್ತು ವಿದೇಶದಲ್ಲಿ ಮಕ್ಕಳಿರುವ ಮನೆಗಳನ್ನು ಆಯಾ ವಾರ್ಡಿನ ಸದಸ್ಯರು ಬಲ್ಲರು. ಆ ಮನೆಗಳಿಗೆ ಒಮ್ಮೆ ಹೋಗಿ, ಸದಸ್ಯರ ಮತ್ತು ಬ್ಯಾಂಕ್ ಶಾಖೆಯ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿಯೇ ಬರೆದುಕೊಟ್ಟು ಬರುವುದು ಹೆಚ್ಚು ವೆಚ್ಚದ ಕೆಲಸವಲ್ಲ. ಅಪರಿಚಿತ ಕರೆ ಬಂದಾಗ ಆ ಮನೆಯವರಿಗೆ ಮರಳಿ ಕರೆ ಮಾಡಲು ಒಂದು ನಂಬುಗೆಯ ಸಂಖ್ಯೆ ಕಣ್ಣೆದುರಿಗೇ ಇರುತ್ತದೆ.